ಕಾಶೆವ್ವನ ಕುಬಸ

ನನ್ನ ಗೈಡ್ ಸಾಹೇಬರ ಬಾಯಿಂದ ‘ಕ್ಯಾನ್ಸರ್’ ಎಂಬ ಶಬ್ದ ಹೊರಡುತ್ತಿರಲಿಲ್ಲ. ಅದೇ ಶಬ್ದದ ಮೇಲೆ ರಾಶಿ ಪ್ರಬಂಧ ಬರೆದಿದ್ದರು, ಅದೇ ಶಬ್ದದ ಪುಣ್ಯದಿಂದ ವಿಮಾನ ಹತ್ತಿ ಬಂದಿದ್ದರು. ಆದರೆ ರೋಗಿಯ ಎದುರು ಕೂತರೆ ಸಾಕು, ಹೊಸ ಮದುಮಗಳ ಹಾಗೆ ನೆಲ ನೋಡುತ್ತಿದ್ದರು. “ಆ ಶಬ್ದ ಕಿವಿಗೆ ಬಿದ್ದರೆ ಪೇಶೆಂಟ್ ಓಡಿಹೋಗ್ತಾರೆ ಜಾಹೀದಾ. ಪೇಶೆಂಟ್ ಹೋದರೆ ಸ್ಯಾಂಪಲ್ಲೂ ಹೋಗತ್ತೆ” ಎನ್ನುವುದು ಅವರ ಸಿದ್ಧಾಂತ. ಸ್ಯಾಂಪಲ್ ಹೋದರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಪೇಶೆಂಟ್ ಹೋದರೆ ಅಷ್ಟು ಉರಿಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಇದು ೧೯೯೯ರ ಮಾತು. ನಾನು ಹುಬ್ಬಳ್ಳಿಯಲ್ಲಿ ಸ್ತ್ರೀರೋಗದ ಎಂ.ಡಿ. ಓದುತ್ತಿದ್ದೆ, ಕೊನೆಯ ವರ್ಷ. ಮುಂದೆ ಮುಂಬೈಗೆ ಹೋಗಿ ಹೆಂಗಸರ ಕ್ಯಾನ್ಸರಿನ ಆಪರೇಷನ್ನನ್ನೇ ಬೇರೆಯಾಗಿ ಕಲಿಯಬೇಕು ಎಂಬ ಹಟ. ದಾಂಡೇಲಿಯ ಮೆಕ್ಯಾನಿಕ್ ಅಬ್ದುಲ್ ಕರೀಮನ ಮಗಳಿಗೆ ಇದೆಲ್ಲ ಯಾಕೆ ಎಂದು ಓಣಿಯ ತುಂಬ ಕೇಳುತ್ತಿದ್ದರು. ಅಬ್ಬಾ ಮಾತ್ರ ಕೇಳುತ್ತಿರಲಿಲ್ಲ. ಇಂಜಿನ್ ಬಿಚ್ಚುವವನಿಗೆ ಹೊಟ್ಟೆ ಬಿಚ್ಚುವವಳ ಕಷ್ಟ ಗೊತ್ತಾಗುತ್ತದೆ ಎಂದು ಅವರ ವಾದ.

ಮುಂಬೈಗೆ ಹೋಗಬೇಕಾದರೆ ಮೊದಲು ಸಂಶೋಧನಾ ಪ್ರಬಂಧ ಮುಗಿಯಬೇಕು. ಅದರ ವಿಷಯ ಸಿಎ-೧೨೫. ಹೆಂಗಸರ ಅಂಡಾಶಯದಲ್ಲಿ ಕೆಟ್ಟ ಗಡ್ಡೆ ಬೆಳೆದಾಗ ರಕ್ತದಲ್ಲಿ ಏರುವ ಒಂದು ಅಂಶಕ್ಕೆ ಆ ಹೆಸರು. ಇಂಥದನ್ನು ಡಾಕ್ಟರರು ಮಾರ್ಕರ್ ಅನ್ನುತ್ತಾರೆ, ಅಂದರೆ ಗುರುತು. ಗುರುತೇನೋ ಹೌದು, ಆದರೆ ಸರಕಾರಿ ಆಫೀಸಿನ ಜವಾನನ ಸ್ವಭಾವ ಅದರದ್ದು. ಕ್ಷಯ ಇದ್ದರೂ ಏಳುತ್ತದೆ, ಮುಟ್ಟಿನ ದಿನಗಳಲ್ಲೂ ಏಳುತ್ತದೆ, ನಿಜವಾಗಿ ಏಳಬೇಕಾದಾಗ ಕೆಲವೊಮ್ಮೆ ಕೂತೇ ಇರುತ್ತದೆ. ಆಪರೇಷನ್ನಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡಿ, ನಮ್ಮ ಕಡೆಯ ಹೆಂಗಸರಲ್ಲಿ ಈ ಜವಾನನನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಹೇಳುವುದು ನನ್ನ ಕೆಲಸ.

ಅದಕ್ಕಾಗಿ ಊರೂರು ತಿರುಗಿ ಕ್ಯಾಂಪ್ ಮಾಡುತ್ತಿದ್ದೆವು. ಮುಂಡಗೋಡದಲ್ಲಿ ಸಂತೆಯ ದಿನವೇ ಕ್ಯಾಂಪ್ ಇಟ್ಟು, ಬದನೆಕಾಯಿ ಚೀಲ ಹಿಡಿದ ಹೆಂಗಸರ ರಕ್ತ ತೆಗೆದೆವು. ಕುಂಬಾರವಾಡಕ್ಕೆ ಬಸ್ಸು ಮನಸ್ಸಾದಾಗ ಬರುತ್ತಿದ್ದರಿಂದ ಅಬ್ಬಾನ ಜೀಪಿನಲ್ಲಿ ಹೋದೆವು. ಆ ಜೀಪನ್ನು ಅಬ್ಬಾ ಹಲವು ಸತ್ತ ಜೀಪುಗಳ ಅಂಗಾಂಗ ಜೋಡಿಸಿ ಕಟ್ಟಿದ್ದರು. ಕಾಶೆವ್ವ ಸಿಕ್ಕಿದ್ದು ಹಳಿಯಾಳ ತಾಲೂಕಿನ ತೇರಗಾಂವದಲ್ಲಿ.

ನಲವತ್ತೇಳರ ಆಸುಪಾಸಿನ ಹೆಂಗಸು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂದರೂ ಮಕ್ಕಳಿಲ್ಲ. ಮುಟ್ಟು ನಿಂತು ಒಂದಿಷ್ಟು ಕಾಲವಾಗಿತ್ತು. ಜೊತೆಗೆ ಗಂಡ ನಾಗಲಿಂಗಪ್ಪ ಬಂದಿದ್ದ. ಅವನ ಮುಖದಲ್ಲಿ ಮೊದಲು ಕಾಣುವುದು ಮೀಸೆ, ಉಳಿದದ್ದು ಆಮೇಲೆ. ನಾನು ರಕ್ತ ತೆಗೆದುಕೊಂಡು, ಹಳಿಯಾಳದಲ್ಲಿ ಸ್ಕ್ಯಾನ್ ಮಾಡಿಸಿದೆ. ಪರದೆಯ ಮೇಲೆ ಕಂಡದ್ದು ಅಂಡಾಶಯದಿಂದ ಎದ್ದ ದೊಡ್ಡ ಗಡ್ಡೆ, ಒಳಗೆಲ್ಲ ನೀರು, ನಡುನಡುವೆ ಗಟ್ಟಿ ಗಂಟು. ಲಕ್ಷಣ ಒಳ್ಳೆಯದಲ್ಲ. ಆದರೆ ಒಂದು ಸಮಾಧಾನವಿತ್ತು: ಹೊರಗಿನ ಗೋಡೆ ಒಡೆದಿರಲಿಲ್ಲ. ಬೇಗ ಇಡಿಯಾಗಿ ತೆಗೆದರೆ ಹೆಂಗಸು ಉಳಿಯುತ್ತಾಳೆ. ಒಳಗೇ ಒಡೆದರೆ ವಿಷ ಹೊಟ್ಟೆಯ ತುಂಬ ಚೆಲ್ಲುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ.

ಇದನ್ನು ಗಂಡನಿಗೆ ತಿಳಿಸುವ ಕೆಲಸ ಗೈಡ್ ಸಾಹೇಬರು ತಾವೇ ವಹಿಸಿಕೊಂಡರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನೆಲ ನೋಡಿದರು.

“ನೋಡಿ ಯಜಮಾನ್ರೇ, ನಿಮ್ಮ ಮನೆಯವರ ಹೊಟ್ಟೆಯಲ್ಲಿ ಒಂದು ಬೆಳೀತಾ ಇದೆ.”

ನಾಗಲಿಂಗಪ್ಪ ಮಿಕಿಮಿಕಿ ನೋಡಿದ. ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು.

“ಎಷ್ಟ ತಿಂಗಳರಿ ಸಾಹೇಬ್ರ?”

“ಐದಾರು ತಿಂಗಳು ಅನ್ನಬಹುದು. ತಡ ಮಾಡಬೇಡಿ, ಬೇಗ ತೆಗೆಸಿಬಿಡಿ.”

“ತೆಗಸೂದಿಲ್ರಿ” ಎಂದ ನಾಗಲಿಂಗಪ್ಪ. ಎದ್ದು ನಿಂತು ಮೀಸೆಯ ಮೇಲೆ ಕೈಯಾಡಿಸಿದ. “ಇಷ್ಟ ವರ್ಷದ ಮ್ಯಾಲ ದೇವರು ಕಣ್ಣ ತೆರದಾನ. ನಾವು ತೆಗಸೂದಿಲ್ಲ. ನಡಿಯ ಕಾಶೀ, ಹೋಗೂಣು.”

ನಾನು ಬಾಯಿ ತೆರೆಯುವುದರೊಳಗೆ ಇಬ್ಬರೂ ಹೊರಗೆ. ನಾನು ಹಿಂದೆ ಓಡಿದೆ, ಅಷ್ಟರಲ್ಲಿ ತೇರಗಾಂವದ ಟೆಂಪೋ ಹೊರಟಿತ್ತು. ತಿರುಗಿ ಬಂದು, “ಸರ್, ಅವನು ಬಸಿರು ಅಂತ ತಿಳಿದುಕೊಂಡ” ಎಂದೆ. ಸಾಹೇಬರು ಸ್ವಲ್ಪ ಯೋಚಿಸಿ, “ಅದು ಅವರ ಗ್ರಹಿಕೆಯ ದೋಷ” ಎಂದರು. ಸಂಜೆಯ ರೈಲಿಗೆ ಅವರು ಒಂದು ಕಾನ್ಫರೆನ್ಸಿಗೆ ಹೊರಡಬೇಕಿತ್ತು. ವಿಷಯ: ರೋಗಿಗಳೊಂದಿಗೆ ಸಂವಹನ. ನಾನು ಸುಳ್ಳು ಹೇಳುತ್ತಿಲ್ಲ.

ನಾಗಲಿಂಗಪ್ಪ ಊರಿಗೆ ಹೋದವನೇ ಮನೆಮನೆಗೆ ಸಕ್ಕರೆ ಹಂಚಿದ. ಸುದ್ದಿ ದಾಂಡೇಲಿಯಲ್ಲಿ ಅಬ್ಬಾನ ಗ್ಯಾರೇಜಿನ ತನಕ ಬಂತು. ಗಂಡಸರು ನಟ್ಟು ಬೋಲ್ಟು ಬಿಟ್ಟು ಅವನ ವಯಸ್ಸಿನ ಲೆಕ್ಕ ಹಾಕತೊಡಗಿದರು. ಯಾವ ಅಂಗಡಿಯ ಲೇಹ್ಯ ತಿಂದ, ಯಾವ ಗಿಡದ ಬೇರು ಅರೆದು ಕುಡಿದ ಎಂದು ಕೇಳಲು ಕೆಲವರು ನೇರ ತೇರಗಾಂವಕ್ಕೇ ಹೋಗಿಬಂದರು. ನಾಗಲಿಂಗಪ್ಪ ಏನೂ ಹೇಳದೆ ಮೀಸೆ ತೀಡಿ ಕಳಿಸಿದನಂತೆ.

ಅತ್ತ ರಕ್ತದ ಫಲಿತಾಂಶ ಬಂತು. ಮೂವತ್ತೈದರ ಕೆಳಗಿರಬೇಕಾದದ್ದು ಏಳುನೂರು ದಾಟಿತ್ತು. ಜವಾನ ಈ ಸಲ ಎದ್ದು ನಿಂತು ಸಲಾಮು ಹೊಡೆದಿದ್ದ. ನನಗೆ ತಡೆಯಲಾಗಲಿಲ್ಲ, ಅಬ್ಬಾನ ಜೀಪು ಹತ್ತಿ ತೇರಗಾಂವಕ್ಕೆ ಹೋದೆ.

ನಾಗಲಿಂಗಪ್ಪ ದನದ ಕೊಟ್ಟಿಗೆಯ ಮುಂದೆ ಮೇವು ಹಾಕುತ್ತಿದ್ದ. ಕಾಶೆವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಕಾಕಾ, ಅದು ಕೂಸಲ್ಲ. ಗಡ್ಡಿ ಅದು. ತೆಗೀಲಿಲ್ಲಂದ್ರ ಕಾಶೆವ್ವ ಉಳಿಯೂದಿಲ್ಲ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ನಾಗಲಿಂಗಪ್ಪ ಒಮ್ಮೆ ಅಡಿಗೆಮನೆಯ ಕಡೆ ನೋಡಿ ಇದ್ದಕ್ಕಿದ್ದಂತೆ ದನಿ ಏರಿಸಿದ.

“ನಿಮ್ಮ ಆಟ ನನಗ ಗೊತ್ತೈತ್ರಿ ಬಾಯಾರ. ಇದ್ದೋರಿಗೆ ಎರಡ ಸಾಕು ಅಂತೀರಿ, ಇಲ್ಲದೋರಿಗೆ ಒಂದೂ ಬ್ಯಾಡ ಅಂತೀರಿ. ನಮ್ಮ ಮನ್ಯಾಗ ಕೂಸ ಹುಟ್ಟತೈತಿ. ಅಮಾಸಿ ಕಳದ ಮ್ಯಾಲ ಕುಬಸ ಐತಿ, ಊಟಕ್ಕ ಬರ್ರಿ.”

ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನನಗೆ ಮೈಯೆಲ್ಲ ಉರಿಯಿತು. ಇಂಥ ಹೆಡ್ಡನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ದಾರಿಯುದ್ದಕ್ಕೂ ಬೈದೆ. ಅಬ್ಬಾ ಗೇರು ಬದಲಿಸುತ್ತ, “ಬೇಟಿ, ಊಟಕ್ಕೆ ಕರೆದಿದ್ದಾನಲ್ಲ, ಹೋಗಿ ಊಟ ಮಾಡು. ಬರುವಾಗ ಆ ಹೆಂಗಸನ್ನು ಜೀಪಿನಲ್ಲಿ ಹಾಕಿಕೊಂಡು ಬಾ” ಎಂದರು. ಅಬ್ಬಾನ ತಲೆ ಹೀಗೇ ಕೆಲಸ ಮಾಡುತ್ತದೆ. ಕೆಟ್ಟ ಗಾಡಿಯನ್ನು ಎಳೆದು ತರಬೇಕು, ವಾದ ಮಾಡಬಾರದು.

ಕುಬಸ ಅಂದರೆ ಬೇರೆ ಕಡೆಯ ಸೀಮಂತ. ಚೊಚ್ಚಲ ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಸೀರೆ, ಹಸಿರು ಬಳೆ, ತಲೆಗೆ ಹೂವಿನ ದಂಡೆ, ಉಡಿ ತುಂಬಿ ಆರತಿ. ಅಮಾವಾಸ್ಯೆ ಕಳೆದು ನಾನು ಹೋದಾಗ ಕಾಶೆವ್ವನನ್ನು ಹಾಗೇ ಕೂರಿಸಿದ್ದರು. ಊರಿಗೆ ಊರೇ ನೆರೆದಿತ್ತು. ಅರ್ಧ ಜನ ಹರಸಲು ಬಂದಿದ್ದರು, ಅರ್ಧ ಜನ ನೋಡಲು. ಅಂಗಳದಲ್ಲಿ ಗಂಡಸರು ನಾಗಲಿಂಗಪ್ಪನ ಬೆನ್ನು ತಟ್ಟುತ್ತಿದ್ದರು. ಅವನು ತಲೆಗೆ ಹೊಸ ಪಟಗ ಸುತ್ತಿಕೊಂಡು ಎಲ್ಲರಿಗೂ ಎಲೆ ಅಡಿಕೆ ಕೊಡುತ್ತಿದ್ದ. ಪಕ್ಕದ ಮನೆಯ ಗೋದುಬಾಯಿ ಹಾಡು ಹೇಳಿಸುತ್ತ, ಹಾಡಿನ ನಡುವೆ ಊಟದ ಮೇಲ್ವಿಚಾರಣೆಯನ್ನೂ ನೋಡುತ್ತಿದ್ದಳು.

“ಡಾಕ್ಟರಬಾಯಾರ, ನಿಮ್ದ ಯಾವಾಗ?” ಎಂದು ನನ್ನನ್ನು ನೋಡಿದ ಕೂಡಲೇ ಕೇಳಿದಳು.

“ನನ್ನ ಮದುವೀನ ಆಗಿಲ್ಲಲ್ಲ ಗೋದಕ್ಕ.”

“ಆಗ್ರಿ. ಕಾಶೆವ್ವನ ವಯಸ್ಸಿನ ತನಕ ಟೈಮ್ ಐತಿ ಈಗ.” ಸುತ್ತಲಿನ ಹೆಂಗಸರು ನಕ್ಕರು. ನನಗೂ ನಗು ಬಂತು. ಹೋಳಿಗೆ ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ. ಗಡ್ಡೆಯೊಂದರ ಸೀಮಂತದ ಊಟ ಮಾಡಿದ ಡಾಕ್ಟರು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆರತಿಯಾದ ಮೇಲೆ ಕಾಶೆವ್ವ ಸೊಂಟ ಹಿಡಿದು ಎದ್ದಳು. ನೀರು ಕುಡಿಯುತ್ತೇನೆಂದು ಹೇಳಿ ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು. ಮುಖ ಬಿಳಿಚಿತ್ತು, ಉಸಿರು ಮೇಲೆಮೇಲೆ ಬರುತ್ತಿತ್ತು.

“ಬಾಗಲಾ ಮುಂದ ಮಾಡ್ರಿ ಬಾಯಾರ.” ಬಾಗಿಲು ಮುಚ್ಚಿದೆ. “ನನ್ನ ಹುಚ್ಚಿ ಅಂತ ತಿಳದೀರೇನು? ಕೂಸಿದ್ರ ಇಷ್ಟೊತ್ತಿಗೆ ಒದೀತಿತ್ತು. ಅಡಿಗಿಮನ್ಯಾಗ ನಿಂತು ನೀವಂದದ್ದು ಎಲ್ಲಾ ಕೇಳೇನಿ. ಕೇಳೂಕಿಂತ ಮೊದಲ ಗೊತ್ತಿತ್ತು.”

“ಗೊತ್ತಿದ್ದೂ ಮಣಿ ಮ್ಯಾಲ ಕುಂತೀರಿ? ಅದು ಒಳಗ ಒಡದ್ರ ಏನಾಕ್ಕೈತಿ ಅಂತ ಖಬರ್ ಐತೇನು ನಿಮಗ?”

“ಸಿಟ್ಟ ಆಗಬ್ಯಾಡ್ರಿ. ಅವರ ಮಾರಿ ನೋಡ್ರಿ ಹೊರಗ. ಇಷ್ಟ ವರ್ಷ ಊರ ಮಂದಿ ಅವರ ಬೆನ್ನ ಹಿಂದ ಗಂಡಸಲ್ಲ ಅಂತ ನಕ್ಕಾರ. ಆ ಮೀಸಿ ಯಾಕ ಬಿಟ್ಟಾರ ಅಂತ ಮಾಡೀರಿ? ಈಗೊಂದ ತಿಂಗಳಾತು, ಎದಿ ಮುಂದ ಮಾಡಿ ಅಡ್ಡಾಡಾಕತ್ತಾರ. ಹೆಂಗ ಹೇಳ್ಲಿ ನಾನು?” ದಂಡೆಯ ಹೂವು ಕಣ್ಣಿಗೆ ಬೀಳುತ್ತಿದ್ದುದನ್ನು ಸರಿಸಿಕೊಂಡಳು. “ಊರೆಲ್ಲಾ ನೋಡ್ತು, ಅವರದ ಮರ್ಯಾದಿ ಅವರಿಗೆ ಸಿಕ್ತು. ಇನ್ನ ಎಲ್ಲಿ ಕೊಯ್ತೀರಿ ಕೊಯ್ರಿ. ಆದ್ರ ಅವರಿಗೆ ಗಡ್ಡಿ ಅಂತ ಹೇಳಬ್ಯಾಡ್ರಿ. ಕೂಸ ಉಳೀಲಿಲ್ಲ ಅಂತ ಹೇಳ್ರಿ.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಒಬ್ಬ ಮನುಷ್ಯನ ಮೀಸೆ ನೇರವಾಗಿ ನಿಲ್ಲಲಿ ಎಂದು ಈ ಹೆಂಗಸು ತನ್ನ ಹೊಟ್ಟೆಯೊಳಗೆ ಸಾವನ್ನು ಬೆಳೆಯಲು ಬಿಟ್ಟಿದ್ದಳು. ಕೆನ್ನೆಗೆ ಎರಡು ಕೊಡಬೇಕೆನ್ನಿಸಿತು, ಕಾಲು ಮುಟ್ಟಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ, “ಜೀಪ್ ಹೊರಗ ಐತಿ, ನಡೀರಿ” ಎಂದೆ.

ಅಂಗಳದಲ್ಲಿ ಎಲ್ಲರೆದುರು ಕಾಶೆವ್ವ ಗಂಡನಿಗೆ ಹೇಳಿದಳು. “ಹೊತ್ತಾಗಿ ಬಸರಾದಾಕಿ ನಾ. ಬಾಯಾರು ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಇರಬೇಕು ಅಂತಾರ. ಹೋಗೂಣು ನಡೀರಿ.” ನಾಗಲಿಂಗಪ್ಪನ ಮುಖ ಒಮ್ಮೆಲೆ ಇಳಿಯಿತು. ಏನೋ ಹೇಳಹೊರಟ. ಆದರೆ ಅಷ್ಟು ಜನರ ನಡುವೆ, ಬಸುರಿ ಹೆಂಡತಿಯನ್ನು ದವಾಖಾನೆಗೆ ಕರೆದೊಯ್ಯುವುದಿಲ್ಲ ಎಂದು ಯಾವ ಗಂಡ ಹೇಳುತ್ತಾನೆ? ಗೋದುಬಾಯಿಯಂತೂ ಆಗಲೇ ಬುತ್ತಿ ಕಟ್ಟುತ್ತಿದ್ದಳು. ಅವನು ಪಟಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದ.

ಹುಬ್ಬಳ್ಳಿಯಲ್ಲಿ ಒಪ್ಪಿಗೆಯ ಕಾಗದಕ್ಕೆ ಕಾಶೆವ್ವ ಹೆಬ್ಬೆಟ್ಟು ಒತ್ತಿದಳು. ಗಂಡನ ಸಹಿಯೂ ಬೇಕಾಗಿತ್ತು. ಅದನ್ನು ನಾನೇ ಅವನಿಗೆ ಓದಿ ಹೇಳಿದೆ. ಕಾಶೆವ್ವ ಏನು ಬೇಡಿಕೊಂಡಿದ್ದರೂ, ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದದೆ ಉಪಾಯವಿರಲಿಲ್ಲ. ಅಂಡಾಶಯದ ಗಡ್ಡೆ ಎಂದು ಸ್ಪಷ್ಟವಾಗಿ ಓದಿದೆ. “ಹೂಂ ಹೂಂ, ನೀವು ಹಂಗ ಬರೀತೀರಿ” ಎಂದು ಸಹಿ ಹಾಕಿದ. ನನ್ನ ಪೆನ್ನನ್ನು ತಿರುಗಿ ಕೊಡದೆ ತನ್ನ ಕಿಸೆಗೆ ಇಟ್ಟುಕೊಂಡ. ದಡ್ಡನಿಗೆ ನಾಲ್ಕು ಸಲ ಹೇಳಿದರೂ ಅಷ್ಟೇ ಎಂದುಕೊಂಡು ನಾನು ಥಿಯೇಟರಿನ ಒಳಗೆ ಹೋದೆ.

ಗೈಡ್ ಸಾಹೇಬರೇ ಕೈ ಹಾಕಿದರು, ನಾನು ಎದುರಿಗೆ ನಿಂತಿದ್ದೆ. ಒಂದು ಮಾತು ಒಪ್ಪಲೇಬೇಕು, ಬಾಯಿ ಮುಚ್ಚಿದ್ದಾಗ ಅವರು ಬಹಳ ಒಳ್ಳೆಯ ಡಾಕ್ಟರು. ಗಡ್ಡೆಯ ಗೋಡೆ ಒಂದು ಕಡೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ನೀರಿನ ಬಣ್ಣ ಹೊರಗಿನಿಂದಲೇ ಕಾಣುತ್ತಿತ್ತು. ಉಸಿರು ಬಿಗಿಹಿಡಿದು, ಎರಡೂ ಅಂಗೈಯಲ್ಲಿ ಎತ್ತಿ, ಒಡೆಯದಂತೆ ಹೊರಗೆ ತೆಗೆದರು. ಹೊಟ್ಟೆಯ ಬೇರೆಲ್ಲ ಜಾಗವನ್ನೂ ತಡವಿ ನೋಡಿದರು. ಎಲ್ಲೂ ಹರಡಿರಲಿಲ್ಲ. “ಬದುಕ್ತಾಳೆ ಜಾಹೀದಾ” ಎಂದರು.

ನಮ್ಮ ದವಾಖಾನೆಗಳಲ್ಲಿ ತೆಗೆದದ್ದನ್ನು ಲ್ಯಾಬಿಗೆ ಕಳಿಸುವ ಮೊದಲು ಮನೆಯವರಿಗೆ ತೋರಿಸುವ ಪದ್ಧತಿ ಇದೆ. ತೋರಿಸದಿದ್ದರೆ ಡಾಕ್ಟರು ಏನು ತೆಗೆದರೋ ಏನು ಇಟ್ಟುಕೊಂಡರೋ ಎಂದು ಅನುಮಾನ ಪಡುತ್ತಾರೆ. ಆ ದಿನ ಟ್ರೇ ಹಿಡಿದು ಹೋಗುವ ಪಾಳಿ ನನ್ನದು. ಬಟ್ಟೆ ಮುಚ್ಚಿದ ಟ್ರೇ ಹಿಡಿದು ಬಾಗಿಲಲ್ಲಿ ನಿಂತು, ಕಾಶೆವ್ವ ಕಲಿಸಿಕೊಟ್ಟ ಸುಳ್ಳನ್ನು ಹೇಗೆ ಹೇಳುವುದು, ಹೇಳದಿದ್ದರೆ ಹೇಗೆ ಎಂದು ಒದ್ದಾಡುತ್ತಿದ್ದೆ. ನಾಗಲಿಂಗಪ್ಪ ಬೆಂಚಿನಿಂದ ಎದ್ದು ಬಂದ.

“ತೆರೀಬ್ಯಾಡ್ರಿ” ಎಂದ. “ಗಡ್ಡಿ ಅಂತ ಗೊತ್ತೈತಿ.”

ನಾನು ಟ್ರೇಯ ಬಟ್ಟೆಯನ್ನು ಸರಿಮಾಡಿ ಮುಚ್ಚಿದೆ. “ಯಾವಾಗಿಂದ ಗೊತ್ತೈತಿ?”

“ಸಾಹೇಬ್ರು ಹೇಳಿದ ದಿನದಿಂದ. ನಮ್ಮ ಅಣ್ಣನ ಹೇಣ್ತಿ ಮಹಾದೇವಕ್ಕಗೂ ಡಾಕ್ಟರು ಹಿಂಗ ಅಂದಿದ್ರು, ಹೊಟ್ಟ್ಯಾಗ ಒಂದ ಬೆಳದೈತಿ ಅಂತ. ಕೂಸಾಗಿದ್ರ ನೀವು ಕೂಸ ಅಂತೀರಿ. ಒಂದ ಅಂದ್ರ ಅದು ಕೂಸಲ್ಲ.”

“ಹಂಗಾದ್ರ ಎಷ್ಟ ತಿಂಗಳ ಅಂತ ಯಾಕ ಕೇಳಿದ್ರಿ ಕಾಕಾ?”

“ಇನ್ನ ಎಷ್ಟ ತಿಂಗಳ ಇರ್ತಾಳ ಅಂತ ಕೇಳಿದೆ. ಐದಾರ ಅಂದ್ರು.”

ಅವನು ಗೋಡೆಗೆ ಒರಗಿದ.

“ಮಹಾದೇವಕ್ಕನ್ನ ಕೊಯ್ದ್ರು, ಜೀವಂತ ಹೊರಗ ಬರಲಿಲ್ಲ. ಐದಾರ ತಿಂಗಳ ಇರೂ ಹೆಣಮಗಳನ್ನ ನಾ ಯಾಕ ಕೊಯ್ಯಸ್ಲಿ ಅಂದೆ. ಬಂಜಿ ಅಂತ ಒಬ್ಬರ ಕುಬಸದಾಗೂ ಆಕಿನ್ನ ಉಡಿ ತುಂಬಾಕ ಕರದಿಲ್ರಿ. ಹೋಗೂದರಾಗ ಒಮ್ಮೆರ ಮಣಿ ಮ್ಯಾಲ ಕುಂದರಲಿ, ಅಂತ ಸಕ್ಕರಿ ಹಂಚಿದೆ. ಬಸರಾಗೇನಿ ಅಂತ ಆಕಿ ಖುಷಿಯಾಗಿದ್ಲು. ನೀವ ಬಂದ ಕೊಟ್ಟಿಗಿ ಮುಂದ ಗಡ್ಡಿ ಅಂದ್ರಿ, ಆಕಿ ಕೇಳ್ತಾಳ ಅಂತ ಒದರಿದೆ.”

“ಕಾಕಾ, ಕಾಶೆವ್ವ ಸಾಯೂದಿಲ್ಲ. ಗಡ್ಡಿ ಒಡದಿಲ್ಲ, ಎಲ್ಲೂ ಹರಡಿಲ್ಲ. ಮುಂದ ಒಂದಿಷ್ಟು ಔಷಧಿ ತೊಗೋಬೇಕಾಗ್ತೈತಿ, ಆದ್ರ ಉಳೀತಾರ.”

ನಾಗಲಿಂಗಪ್ಪ ನೆಲದ ಮೇಲೆ ಕುಸಿದು ಕೂತು ಪಟಗದಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುವುದು ನಿಂತ ಮೇಲೆ ಪಟಗ ಸರಿಸಿ, ನಿಜವಾಗಿ ಗಾಬರಿಯಾಗಿ ಕೇಳಿದ. “ಸಾಯ್ತಾಳ ಅಂತ ಇದೆಲ್ಲಾ ಮಾಡಿಟ್ಟೇನ್ರಿ. ಉಳದ್ರ ಆಕಿಗೆ ಏನ ಹೇಳ್ಲಿ?” ನಾನು ಉತ್ತರಿಸುವ ಮೊದಲೇ ಕೈ ಮುಗಿದ. “ನೀವ ಹೇಳ್ರಿ. ಕೂಸ ಸತ್ತ ಹುಟ್ಟಿತು ಅನ್ರಿ. ಗಡ್ಡಿ ಅನಬ್ಯಾಡ್ರಿ ಆಕಿ ಮುಂದ.”

ಎರಡು ಮುದಿ ಸುಳ್ಳುಗಾರರ ನಡುವೆ ನಾನು ಟಪಾಲಿನವಳಾದೆ. ಇವರ ಈ ಮರ್ಯಾದೆಯ ಆಟದಲ್ಲಿ ಆ ತೆಳು ಗೋಡೆ ಒಂದು ಸಲ ಬಿರಿದಿದ್ದರೆ ಸಾಕಾಗಿತ್ತು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ ಮನಸಾರೆ ಬೈಯಬೇಕು ಎಂದುಕೊಂಡೇ ವಾರ್ಡಿಗೆ ಹೋದೆ. ಕಾಶೆವ್ವನಿಗೆ ಆಗಷ್ಟೇ ಎಚ್ಚರವಾಗಿತ್ತು. ತುಟಿ ಒಣಗಿತ್ತು. ಒದ್ದೆ ಹತ್ತಿಯಿಂದ ತುಟಿ ತೋಯಿಸಿ, ಉಳಿದಿದ್ದೀರಿ ಎಂದು ಹೇಳಿದೆ. ಅವಳು ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ.

“ಅವರಿಗೆ ಏನ ಹೇಳಿದ್ರಿ?”

“ನಾ ಏನೂ ಹೇಳಿಲ್ಲ. ಅವರ ನನಗ ಹೇಳ್ಯಾರ. ಕೂಸ ಸತ್ತ ಹುಟ್ಟಿತು ಅಂತ ನಿಮಗ ಹೇಳಬೇಕಂತ.”

“ನನಗ?”

“ಹೂಂ, ನಿಮಗ.”

ಕಾಶೆವ್ವ ಮೇಲಿನ ಫ್ಯಾನನ್ನು ನೋಡುತ್ತ ಮಲಗಿದ್ದಳು. ಅರಿವಳಿಕೆಯ ಮತ್ತು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಕಣ್ಣೀರು ಕಿವಿಯ ಕಡೆ ಹರಿಯಿತು, ಅದರ ಹಿಂದೆಯೇ ನಗು ಬಂತು. ನಗಬೇಡಿರಿ, ಹೊಲಿಗೆ ಹಸಿ ಇದೆ ಎಂದು ನಾನು ಅವಳ ಭುಜ ಹಿಡಿಯಬೇಕಾಯಿತು.

“ಗಂಡೋ ಹೆಣ್ಣೋ?” ಎಂದಳು. “ಕೇಳ್ಕೊಂಡ ಬರ್ರಿ.”

ಎಂ.ಡಿ. ಮುಗಿಸಲಿದ್ದ ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಮತ್ತೆ ಹೊರಗೆ ಹೋದೆ. ನಾಗಲಿಂಗಪ್ಪ ನೆಲದ ಮೇಲೇ ಕೂತಿದ್ದ. ಹೆಂಡತಿ ಹೀಗೆ ಕೇಳುತ್ತಿದ್ದಾಳೆ ಎಂದೆ. ಅವನು ಯೋಚಿಸಲೂ ಇಲ್ಲ.

“ಹೆಣ್ಣ ಅಂತ ಹೇಳ್ರಿ” ಎಂದ. “ಆಕಿಗೆ ಮೊದಲಿಂದ ಹೆಣ್ಣ ಬೇಕಾಗಿತ್ತು.”